ಬಿಸಿಯಿಲ್ಲದೆ ರೋಗಾಣು ಕೊಲ್ಲುವ ಪ್ಲಾಸ್ಮಾ

ಹಲ್ಲುನೋವು ಬಂದರೆ ನೀವು ಎಲ್ಲಿಗೆ ಹೋಗುತ್ತೀರಿ? ಸಿರುಗುಪ್ಪ, ಕುರುಗೋಡು ಕಡೆಯವರು ಮೊದಲು ಊರಿನ ಆಸ್ಪತ್ರೆಗೆ ಹೋಗುತ್ತಾರೆ. ತೊಂದರೆ ಹೆಚ್ಚಾದರೆ ಬಸ್ಸು ಹತ್ತಿ ಬಳ್ಳಾರಿಗೆ ಬರುತ್ತಾರೆ. ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜೇ ಇದೆ. ಅಲ್ಲಿ ಕುರ್ಚಿಯ ಮೇಲೆ ಒರಗಿ ಬಾಯಿ ತೆರೆದಾಗ ದಂತವೈದ್ಯರು ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ನಿಮ್ಮ ಬಾಯೊಳಗೆ ಇಡುತ್ತಾರೆ.

ಈಗ ಸ್ವಲ್ಪ ಯೋಚಿಸಿ. ಆ ಕನ್ನಡಿ ನಿನ್ನೆ ಯಾರ ಬಾಯಲ್ಲಿತ್ತು?

ಹೌದು, ಬೇರೊಬ್ಬರ ಬಾಯಲ್ಲಿತ್ತು. ಕನ್ನಡಿ, ಚೂಪುಕಡ್ಡಿ, ಹಲ್ಲು ಕೀಳುವ ಇಕ್ಕಳ ಇವನ್ನೆಲ್ಲ ಒಮ್ಮೆ ಬಳಸಿ ಎಸೆಯಲಾಗದು. ಹಾಗಾದರೆ ಒಬ್ಬರ ಬಾಯಿಯ ರೋಗಾಣು ಇನ್ನೊಬ್ಬರ ಬಾಯಿಗೆ ಹೋಗದಂತೆ ತಡೆಯುವುದು ಹೇಗೆ? ಇದಕ್ಕೆ ಹಳೆಯ ದಾರಿಯೂ ಇದೆ, ಹೊಸ ದಾರಿಯೂ ಇದೆ. ಹೊಸ ದಾರಿಯಲ್ಲಿ ಮಿಂಚಿನ ಗುಣವಿರುವ ಒಂದು ಅನಿಲ ಕೆಲಸ ಮಾಡುತ್ತದೆ. ಅದರ ಹೆಸರು ಪ್ಲಾಸ್ಮಾ. ಬನ್ನಿ, ಎರಡನ್ನೂ ತಿಳಿಯೋಣ.

ಬಾಯಿ ಎಂಬ ಊರು

1683ರಲ್ಲಿ ಹಾಲೆಂಡ್ ದೇಶದ ಆಂಟನಿ ವಾನ್ ಲೀವೆನ್‌ಹಾಕ್ ಎಂಬಾತ ತನ್ನ ಹಲ್ಲಿನ ಮೇಲಿನ ಬಿಳಿಯ ಲೋಳೆಯನ್ನು ಕೆರೆದು, ತಾನೇ ಮಾಡಿದ ಸೂಕ್ಷ್ಮದರ್ಶಕದಲ್ಲಿ ನೋಡಿದ. ಅದರಲ್ಲಿ ಪುಟ್ಟ ಪುಟ್ಟ ಜೀವಿಗಳು ಚುರುಕಾಗಿ ಓಡಾಡುತ್ತಿದ್ದವು! ಇಂದು ನಾವು ಅವನ್ನು ಬ್ಯಾಕ್ಟೀರಿಯ ಎನ್ನುತ್ತೇವೆ. ಮನುಷ್ಯರ ಬಾಯಲ್ಲಿ ವಾಸಿಸುವ ಬ್ಯಾಕ್ಟೀರಿಯಗಳಲ್ಲಿ ಸುಮಾರು 700 ಬಗೆಗಳನ್ನು ಈವರೆಗೆ ಗುರುತಿಸಲಾಗಿದೆ.

ಒಂದು ಬ್ಯಾಕ್ಟೀರಿಯ ಎಷ್ಟು ದೊಡ್ಡದು? ನಿಮ್ಮ ಅಳತೆಪಟ್ಟಿಯಲ್ಲಿ ಒಂದು ಮಿಲಿಮೀಟರ್ ಗೆರೆಯನ್ನು ನೋಡಿ. ಆ ಪುಟ್ಟ ಜಾಗದಲ್ಲಿ ಸುಮಾರು ಸಾವಿರ ಬ್ಯಾಕ್ಟೀರಿಯಗಳು ಸಾಲಾಗಿ ನಿಲ್ಲಬಲ್ಲವು.

ಇವೆಲ್ಲ ಕೆಟ್ಟವಲ್ಲ. ಹಲವು ನಮಗೆ ತೊಂದರೆ ಕೊಡದೆ ಬದುಕುತ್ತವೆ. ಆದರೆ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬುದಿದೆ. ಜಾತ್ರೆಯಲ್ಲಿ ಕೊಂಡ ಬೆಂಡು ಬತ್ತಾಸು ನೀವು ತಿಂದರೆ ಅದಕ್ಕೂ ಹಬ್ಬ. ಸಕ್ಕರೆಯನ್ನು ಅದು ಆಮ್ಲವಾಗಿ ಬದಲಾಯಿಸುತ್ತದೆ. ಆ ಆಮ್ಲ ಹಲ್ಲಿನ ಗಟ್ಟಿ ಹೊದಿಕೆಯಾದ ಎನಾಮಲನ್ನು ಮೆಲ್ಲನೆ ಕರಗಿಸುತ್ತದೆ. ಹಲ್ಲು ಹುಳುಕಾಗುವುದು ಹೀಗೆ. ಹುಳುಕು ಹಲ್ಲಿನಲ್ಲಿ ನಿಜವಾಗಿ ಹುಳು ಇರುವುದಿಲ್ಲ.

ಬಾಯಲ್ಲಿ ಲಾಲಾರಸ ಇದೆ. ಚಿಕಿತ್ಸೆಯ ಹೊತ್ತಿನಲ್ಲಿ ರಕ್ತವೂ ಬರಬಹುದು. ರಕ್ತದ ಮೂಲಕ ಹರಡುವ ಹೆಪಟೈಟಿಸ್ ಬಿ ಎಂಬ ವೈರಸ್ ಯಕೃತ್ತಿಗೆ ರೋಗ ತರುತ್ತದೆ. ಒಣಗಿದ ರಕ್ತದ ಕಲೆಯಲ್ಲೂ ಅದು ಏಳು ದಿನಗಳ ಕಾಲ ಉಳಿಯಬಲ್ಲದು. ಕಣ್ಣಿಗೆ ಕಾಣದಷ್ಟು ಚಿಕ್ಕ ಕಲೆಯಿದ್ದರೂ ಸಾಕು. ಆದ್ದರಿಂದಲೇ ಇಕ್ಕಳ ಫಳಫಳ ಹೊಳೆಯುತ್ತಿದ್ದರೆ ಸಾಲದು. ಹೊಳೆಯುವುದೆಲ್ಲ ಶುದ್ಧವಲ್ಲ.

ಮೂರು ಮಾತುಗಳು

ಶುಚಿ ಮಾಡುವುದರಲ್ಲಿ ಮೂರು ಹಂತಗಳಿವೆ. ಇವನ್ನು ಒಂದೇ ಎಂದು ತಿಳಿಯಬೇಡಿ.

1. ತೊಳೆಯುವುದು. ಸೋಪು, ನೀರು, ಬ್ರಷ್ಷಿನಿಂದ ಕೊಳೆ ತೆಗೆಯುವುದು. ಇದರಿಂದ ಬಹಳಷ್ಟು ರೋಗಾಣುಗಳು ಕೊಚ್ಚಿ ಹೋಗುತ್ತವೆ. ಎಲ್ಲವೂ ಹೋಗುವುದಿಲ್ಲ.

2. ಸೋಂಕು ನಿವಾರಣೆ. ಔಷಧಿ ದ್ರವದಿಂದ ಒರೆಸುವುದು ಅಥವಾ ಅದರಲ್ಲಿ ಅದ್ದುವುದು. ರೋಗ ತರುವ ಹೆಚ್ಚಿನ ಜೀವಿಗಳು ಸಾಯುತ್ತವೆ. ಗಟ್ಟಿಯಾದವು ಉಳಿದುಕೊಳ್ಳಬಹುದು.

3. ಕ್ರಿಮಿಶುದ್ಧೀಕರಣ. ಒಂದು ಸೂಕ್ಷ್ಮಜೀವಿಯೂ ಬದುಕಿ ಉಳಿಯದಂತೆ ಮಾಡುವುದು. ಆಸ್ಪತ್ರೆಯಲ್ಲಿ ಇದನ್ನೇ 'ಸ್ಟೆರಿಲೈಸ್' ಮಾಡುವುದು ಎನ್ನುತ್ತಾರೆ.

ಬಾಯಿಯ ಮಾಂಸವನ್ನು ಅಥವಾ ಮೂಳೆಯನ್ನು ಚುಚ್ಚುವ, ಕೊಯ್ಯುವ ಸಲಕರಣೆಗೆ ಮೂರನೆಯ ಹಂತವೇ ಬೇಕು.

ಒಂದು ಜೀವಿಯೂ ಉಳಿಯಬಾರದು ಎಂದರೆ ಏಕೆ ಅಷ್ಟು ಕಷ್ಟ? ಸಿರುಗುಪ್ಪದ ಭತ್ತವನ್ನು ನೆನಪಿಸಿಕೊಳ್ಳಿ. ಬಿತ್ತನೆಯ ಭತ್ತ ಚೀಲದಲ್ಲಿ ತಿಂಗಳುಗಟ್ಟಲೆ ಒಣಗಿ ಬಿದ್ದಿರುತ್ತದೆ. ಸತ್ತಂತೆ ಕಾಣುತ್ತದೆ. ತುಂಗಭದ್ರಾ ಕಾಲುವೆಯಲ್ಲಿ ನೀರು ಬಂದು, ಅದು ಸಸಿ ಮಡಿಗೆ ಬಿದ್ದ ಕೂಡಲೆ ಮೊಳಕೆಯೊಡೆಯುತ್ತದೆ. ಕೆಲವು ಬ್ಯಾಕ್ಟೀರಿಯಗಳೂ ಹೀಗೆಯೇ. ಕಷ್ಟಕಾಲ ಬಂದರೆ ಗಟ್ಟಿ ಚಿಪ್ಪಿನೊಳಗೆ ಸೇರಿ ಬೀಜಾಣುಗಳಾಗಿ ಕುಳಿತುಬಿಡುತ್ತವೆ. ಒಣ ಹವೆ, ಬಿಸಿಲು, ಔಷಧಿ, ಅಷ್ಟೇ ಏಕೆ, ಕುದಿಯುವ ನೀರನ್ನು ಕೂಡ ಕೆಲವು ಬೀಜಾಣುಗಳು ತಡೆದುಕೊಳ್ಳುತ್ತವೆ. ಅನುಕೂಲ ಕಾಲ ಬಂದಾಗ ಮತ್ತೆ ಬೆಳೆಯುತ್ತವೆ.

ಹಳೆಯ ದಾರಿ: ಒತ್ತಡದ ಹಬೆ

ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಬಳ್ಳಾರಿ ಸಮುದ್ರಮಟ್ಟದಿಂದ 400 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ನೀರು 100ಕ್ಕೆ ತುಸು ಮೊದಲೇ ಕುದಿಯುತ್ತದೆ. ಎಷ್ಟು ಸೌದೆ ಉರಿಸಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು. ಬೀಜಾಣುಗಳನ್ನು ಕೊಲ್ಲಲು ಅಷ್ಟು ಬಿಸಿ ಸಾಲದು.

ನಿಮ್ಮ ಮನೆಯ ಪ್ರೆಷರ್ ಕುಕ್ಕರ್ ಏನು ಮಾಡುತ್ತದೆ? ಹಬೆ ಹೊರಹೋಗದಂತೆ ತಡೆದು ಒತ್ತಡ ಹೆಚ್ಚಿಸುತ್ತದೆ. ಒತ್ತಡ ಹೆಚ್ಚಿದಂತೆ ನೀರು ಕುದಿಯುವ ಉಷ್ಣತೆಯೂ ಏರುತ್ತದೆ. ಆದ್ದರಿಂದಲೇ ಬೇಳೆ ಬೇಗ ಬೇಯುತ್ತದೆ. ಇದೇ ತತ್ತ್ವದ ಮೇಲೆ 1879ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಶಾಂಬರ್ಲಾಂಡ್ ಎಂಬ ವಿಜ್ಞಾನಿ ಆಟೋಕ್ಲೇವ್ ಎಂಬ ಉಪಕರಣ ಮಾಡಿದ. ಈತ ಹೆಸರಾಂತ ವಿಜ್ಞಾನಿ ಲೂಯಿ ಪಾಶ್ಚರ್ ಜೊತೆ ಕೆಲಸ ಮಾಡುತ್ತಿದ್ದವನು.

ಆಟೋಕ್ಲೇವ್‌ನಲ್ಲಿ ಒತ್ತಡ ವಾತಾವರಣದ ಒತ್ತಡದ ಸುಮಾರು ಎರಡರಷ್ಟಾದಾಗ ಹಬೆಯ ಉಷ್ಣತೆ 121 ಡಿಗ್ರಿಗೆ ಏರುತ್ತದೆ. ಸಲಕರಣೆಗಳನ್ನು ಆ ಹಬೆಯಲ್ಲಿ 15ರಿಂದ 30 ನಿಮಿಷ ಇಟ್ಟರೆ ಬೀಜಾಣುಗಳೂ ಸಾಯುತ್ತವೆ. ಇಂದಿಗೂ ದಂತವೈದ್ಯರ ನೆಚ್ಚಿನ ಉಪಕರಣ ಇದೇ. ಕಡಿಮೆ ಖರ್ಚು, ನಂಬಿಕೆಯ ಕೆಲಸ.

ಆದರೆ ಒಂದು ತೊಡಕಿದೆ. ಕುಕ್ಕರಿನಲ್ಲಿ ಪ್ಲಾಸ್ಟಿಕ್ ಡಬ್ಬಿ ಇಟ್ಟರೆ ಏನಾಗುತ್ತದೆ? ಸೊಟ್ಟಗಾಗುತ್ತದೆ. ಹಾಗೆಯೇ ಕೆಲವು ಪ್ಲಾಸ್ಟಿಕ್ ಸಲಕರಣೆ, ಸೂಕ್ಷ್ಮವಾದ ಕ್ಯಾಮೆರಾ, ಬೆಳಕು ಸಾಗಿಸುವ ಗಾಜಿನ ಎಳೆ ಇವು ಬಿಸಿ ಹಬೆಯಲ್ಲಿ ಕೆಡುತ್ತವೆ. ಕೆಲವು ಬಗೆಯ ಉಕ್ಕಿನ ಉಪಕರಣಗಳಿಗೆ ತುಕ್ಕು ಹಿಡಿದು ಅವುಗಳ ಮೊನೆ ಮೊಂಡಾಗುತ್ತದೆ. ಇಂಥವನ್ನು ಸುಡದೆ, ಬೇಯಿಸದೆ ಕ್ರಿಮಿಶುದ್ಧ ಮಾಡುವುದು ಹೇಗೆ? ಇಲ್ಲಿಗೆ ಪ್ಲಾಸ್ಮಾ ಬರುತ್ತದೆ.

ದ್ರವ್ಯದ ನಾಲ್ಕನೆಯ ಸ್ಥಿತಿ

ಘನ, ದ್ರವ, ಅನಿಲ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಮಂಜುಗಡ್ಡೆಗೆ ಶಕ್ತಿ ಕೊಟ್ಟರೆ ನೀರು, ನೀರಿಗೆ ಶಕ್ತಿ ಕೊಟ್ಟರೆ ಆವಿ. ಅನಿಲಕ್ಕೆ ಇನ್ನೂ ಶಕ್ತಿ ಕೊಡುತ್ತ ಹೋದರೆ?

ಪ್ರತಿ ಪರಮಾಣುವಿನ ನಡುವೆ ಬೀಜಕೇಂದ್ರ, ಅದರ ಸುತ್ತ ಎಲೆಕ್ಟ್ರಾನುಗಳು ಇರುತ್ತವೆ. ಹೆಚ್ಚು ಶಕ್ತಿ ಸಿಕ್ಕಾಗ ಕೆಲವು ಎಲೆಕ್ಟ್ರಾನುಗಳು ಪರಮಾಣುವನ್ನು ಬಿಟ್ಟು ಹೊರಬರುತ್ತವೆ. ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವೇ ಧನ ಅಯಾನು. ಬಿಡಿ ಎಲೆಕ್ಟ್ರಾನುಗಳು, ಅಯಾನುಗಳು, ಮಾಮೂಲಿ ಅಣುಗಳು ಎಲ್ಲ ಬೆರೆತ ಈ ಅನಿಲವೇ ಪ್ಲಾಸ್ಮಾ. ಅದು ಹೊಳೆಯುತ್ತದೆ, ತನ್ನ ಮೂಲಕ ವಿದ್ಯುತ್ ಹರಿಯಲು ಬಿಡುತ್ತದೆ.

ನೀವು ಪ್ಲಾಸ್ಮಾವನ್ನು ನೋಡಿಯೇ ಇದ್ದೀರಿ. ಮುಂಗಾರಿನ ಮೊದಲು ಬಳ್ಳಾರಿಯ ಕೋಟೆ ಬೆಟ್ಟದ ಮೇಲೆ ಹೊಳೆಯುವ ಮಿಂಚು ಪ್ಲಾಸ್ಮಾ. ವೆಲ್ಡಿಂಗ್ ಅಂಗಡಿಯ ಕಣ್ಣು ಕೋರೈಸುವ ಕಿಡಿಯ ನಡುವೆ ಇರುವುದೂ ಪ್ಲಾಸ್ಮಾ (ಅದನ್ನು ಬರಿಗಣ್ಣಿನಿಂದ ನೋಡಲೇಬೇಡಿ). ಸೂರ್ಯ ಒಂದು ದೊಡ್ಡ ಪ್ಲಾಸ್ಮಾ ಗೋಳ.

1879ರಲ್ಲಿಯೇ ಇಂಗ್ಲೆಂಡಿನ ವಿಲಿಯಂ ಕ್ರೂಕ್ಸ್ ಗಾಜಿನ ಕೊಳವೆಯೊಳಗೆ ಇದನ್ನು ಕಂಡು, ಇದು ದ್ರವ್ಯದ ಬೇರೆಯೇ ಸ್ಥಿತಿ ಎಂದ. ನಕ್ಷತ್ರಗಳ ಬಿಸಿಯಲ್ಲಿ ಅನಿಲ ಎಷ್ಟರ ಮಟ್ಟಿಗೆ ಅಯಾನುಗಳಾಗುತ್ತದೆ ಎಂದು ಲೆಕ್ಕ ಹಾಕುವ ಸಮೀಕರಣವನ್ನು 1920ರಲ್ಲಿ ಕೊಟ್ಟವರು ನಮ್ಮ ದೇಶದ ಮೇಘನಾದ ಸಹಾ. ಪ್ಲಾಸ್ಮಾ ಎಂಬ ಹೆಸರನ್ನು 1928ರಲ್ಲಿ ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಇಟ್ಟರು. ರಕ್ತದಲ್ಲಿರುವ ಹಳದಿ ದ್ರವಕ್ಕೂ ಪ್ಲಾಸ್ಮಾ ಎಂದೇ ಹೆಸರು. ಎರಡೂ ಬೇರೆ ಬೇರೆ, ಗೊಂದಲ ಬೇಡ.

ತಣ್ಣಗಿನ ಮಿಂಚು!

ಮಿಂಚು ಮರವನ್ನೇ ಸುಡುತ್ತದೆ. ಹಾಗಿದ್ದರೆ ಪ್ಲಾಸ್ಮಾ ಪ್ಲಾಸ್ಟಿಕ್ ಸಲಕರಣೆಯನ್ನು ಸುಡುವುದಿಲ್ಲವೇ?

ಒಳ್ಳೆಯ ಪ್ರಶ್ನೆ. ಉತ್ತರ ಹಳೆಯ ಬಗೆಯ ಟ್ಯೂಬ್‌ಲೈಟಿನಲ್ಲಿದೆ (ಎಲ್ಇಡಿ ದೀಪದಲ್ಲಲ್ಲ). ಉರಿಯುವ ಟ್ಯೂಬ್‌ಲೈಟಿನ ಒಳಗೆ ಪ್ಲಾಸ್ಮಾ ಇದೆ. ಅಲ್ಲಿನ ಎಲೆಕ್ಟ್ರಾನುಗಳ ಉಷ್ಣತೆ ಸುಮಾರು 10,000 ಡಿಗ್ರಿ. ಆದರೂ ಗಾಜು ಕರಗುವುದಿಲ್ಲ, ಬರೀ ಬೆಚ್ಚಗಾಗುತ್ತದೆ. ಏಕೆಂದರೆ ಎಲೆಕ್ಟ್ರಾನ್ ತೀರ ಹಗುರ. ಅತಿ ಹಗುರವಾದ ಹೈಡ್ರೊಜನ್ ಪರಮಾಣು ಕೂಡ ಅದಕ್ಕಿಂತ 1,800 ಪಟ್ಟಿಗೂ ಹೆಚ್ಚು ಭಾರ. ಗುಂಡುಕಲ್ಲಿಗೆ ಸಾಸಿವೆ ಕಾಳು ಎಸೆದಂತೆ. ಸಾಸಿವೆ ಎಷ್ಟೇ ವೇಗವಾಗಿ ಬಡಿದರೂ ಕಲ್ಲು ಅಲುಗುವುದಿಲ್ಲ. ಹಾಗೆಯೇ ವೇಗದ ಎಲೆಕ್ಟ್ರಾನುಗಳು ಬಡಿದರೂ ಅನಿಲದ ಅಣುಗಳು ಹೆಚ್ಚು ಬಿಸಿಯಾಗುವುದಿಲ್ಲ. ಇಂಥದ್ದನ್ನು ತಣ್ಣನೆಯ ಪ್ಲಾಸ್ಮಾ ಎನ್ನುತ್ತಾರೆ.

ಆದರೆ ಎಲೆಕ್ಟ್ರಾನುಗಳು ಇನ್ನೊಂದು ಕೆಲಸ ಮಾಡುತ್ತವೆ. ಅಣುಗಳನ್ನು ಒಡೆದು ತುಂಡು ಮಾಡುತ್ತವೆ. ಆಮ್ಲಜನಕದ ಒಂಟಿ ಪರಮಾಣು, ಆಮ್ಲಜನಕ ಮತ್ತು ಹೈಡ್ರೊಜನ್ ಸೇರಿದ ಹೈಡ್ರಾಕ್ಸಿಲ್ ಎಂಬ ತುಂಡು ಮುಂತಾದವು ಹುಟ್ಟುತ್ತವೆ. ಈ ತುಂಡುಗಳಿಗೆ ಒಂಟಿಯಾಗಿರಲು ಆಗದು. ಸಿಕ್ಕಿದ್ದರೊಡನೆ ಕೂಡಿಕೊಳ್ಳಲು ಹಾತೊರೆಯುತ್ತವೆ. ಬ್ಯಾಕ್ಟೀರಿಯ ಸಿಕ್ಕರೆ ಅದರ ಹೊರಗೋಡೆಯನ್ನು ಕಿತ್ತು ತೂತು ಮಾಡುತ್ತವೆ, ಒಳಗಿನ ಪ್ರೋಟೀನ್ ಮತ್ತು ಡಿಎನ್ಎಯನ್ನು ಹಾಳುಗೆಡವುತ್ತವೆ. ಪ್ಲಾಸ್ಮಾದಿಂದ ಹೊರಡುವ ಅತಿನೇರಳೆ ಕಿರಣಗಳೂ ಸ್ವಲ್ಪ ನೆರವಾಗುತ್ತವೆ. ರೋಗಾಣು ಬಿಸಿಯಿಂದಲ್ಲ, ಈ ರಾಸಾಯನಿಕ ದಾಳಿಯಿಂದ ಸಾಯುತ್ತದೆ.

ಯಂತ್ರದೊಳಗೆ ಏನಾಗುತ್ತದೆ?

ಆಸ್ಪತ್ರೆಗಳಲ್ಲಿ ಬಳಸುವ ಪ್ಲಾಸ್ಮಾ ಯಂತ್ರದಲ್ಲಿ ಹೈಡ್ರೊಜನ್ ಪೆರಾಕ್ಸೈಡ್ ಎಂಬ ದ್ರವವಿರುತ್ತದೆ. ನೀರಿನ ಅಣುವಿಗೆ ಇನ್ನೊಂದು ಆಮ್ಲಜನಕ ಪರಮಾಣು ಸೇರಿದರೆ ಅದೇ ಹೈಡ್ರೊಜನ್ ಪೆರಾಕ್ಸೈಡ್. ಇಂಥ ಯಂತ್ರಗಳು ಅಮೆರಿಕದಲ್ಲಿ 1993ರಿಂದ ಬಳಕೆಗೆ ಬಂದವು. ಕೆಲಸ ಸಾಗುವ ಕ್ರಮ ಹೀಗಿದೆ:

1. ಸಲಕರಣೆಗಳನ್ನು ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ, ವಿಶೇಷ ಚೀಲದಲ್ಲಿ ಮುಚ್ಚುತ್ತಾರೆ. ಈ ಚೀಲದ ಮೂಲಕ ಆವಿ ಒಳಹೋಗಬಲ್ಲದು, ರೋಗಾಣು ಹೋಗಲಾರದು.

2. ಯಂತ್ರದ ಪೆಟ್ಟಿಗೆಯಲ್ಲಿಟ್ಟು ಪಂಪಿನಿಂದ ಗಾಳಿಯನ್ನು ಹೊರಗೆಳೆಯುತ್ತಾರೆ.

3. ಪೆರಾಕ್ಸೈಡನ್ನು ಒಳಗೆ ಬಿಡುತ್ತಾರೆ. ಒತ್ತಡ ಬಹಳ ಕಡಿಮೆ ಇರುವುದರಿಂದ ಅದು ಕೂಡಲೆ ಆವಿಯಾಗಿ ಎಲ್ಲೆಡೆ ಹರಡುತ್ತದೆ. ರೋಗಾಣು ಕೊಲ್ಲುವ ಹೆಚ್ಚಿನ ಕೆಲಸ ಈ ಹಂತದಲ್ಲೇ ನಡೆಯುತ್ತದೆ.

4. ಈಗ ವಿದ್ಯುತ್ತಿನ ನೆರವಿನಿಂದ ಆವಿಯನ್ನು ಪ್ಲಾಸ್ಮಾ ಮಾಡುತ್ತಾರೆ. ಅದರ ತುಂಡುಗಳು ಉಳಿದ ರೋಗಾಣುಗಳ ಮೇಲೆ ಬೀಳುತ್ತವೆ. ಜೊತೆಗೆ, ಮಿಕ್ಕ ಪೆರಾಕ್ಸೈಡ್ ಕೂಡ ಒಡೆದುಹೋಗುತ್ತದೆ.

5. ವಿದ್ಯುತ್ ನಿಲ್ಲಿಸಿದಾಗ ಆ ತುಂಡುಗಳು ಮತ್ತೆ ಕೂಡಿಕೊಂಡು ನೀರಿನ ಆವಿ ಮತ್ತು ಆಮ್ಲಜನಕವಾಗುತ್ತವೆ. ವಿಷ ಉಳಿಯುವುದಿಲ್ಲ.

ಇಷ್ಟೆಲ್ಲ ನಡೆಯುವಾಗ ಒಳಗಿನ ಉಷ್ಣತೆ ಸುಮಾರು 50 ಡಿಗ್ರಿ ಮಾತ್ರ. ಬೇಸಿಗೆಯಲ್ಲಿ ಬಳ್ಳಾರಿಯ ಹವೆಯೇ 40 ಡಿಗ್ರಿ ದಾಟುತ್ತದೆ, ಅಲ್ಲವೇ? ಅದಕ್ಕಿಂತ ಸ್ವಲ್ಪವೇ ಹೆಚ್ಚು! ಪ್ಲಾಸ್ಟಿಕ್ ಕರಗದು, ಉಕ್ಕಿಗೆ ತುಕ್ಕು ಹಿಡಿಯದು.

ಎಲ್ಲ ಸತ್ತಿವೆ ಎಂದು ತಿಳಿಯುವುದು ಹೇಗೆ? ಇದಕ್ಕೊಂದು ಜಾಣ ಉಪಾಯವಿದೆ. ಜಿಯೊಬ್ಯಾಸಿಲಸ್ ಸ್ಟಿಯರೊಥರ್ಮೊಫಿಲಸ್ ಎಂಬ ಬ್ಯಾಕ್ಟೀರಿಯದ ಗಟ್ಟಿ ಬೀಜಾಣುಗಳನ್ನು ಹಚ್ಚಿದ ಪಟ್ಟಿಯನ್ನು ಸಲಕರಣೆಗಳ ಜೊತೆ ಇಡುತ್ತಾರೆ. ಇದು 55ರಿಂದ 60 ಡಿಗ್ರಿಯಲ್ಲೂ ಸುಖವಾಗಿ ಬೆಳೆಯುವ ಜೀವಿ. ಮನುಷ್ಯರಿಗೆ ರೋಗ ತರುವುದಿಲ್ಲ. ಕೊನೆಗೆ ಆ ಪಟ್ಟಿಗೆ ಆಹಾರ ಕೊಟ್ಟು ಬೆಚ್ಚಗೆ ಇಡುತ್ತಾರೆ. ಏನೂ ಬೆಳೆಯದಿದ್ದರೆ ಯಂತ್ರ ಪಾಸು. ಬೆಳೆದರೆ ಯಂತ್ರ ಫೇಲು! ಆಟೋಕ್ಲೇವ್‌ಗೂ ಇದೇ ಪರೀಕ್ಷೆ.

ಹಲ್ಲಿನೊಳಗೇ ಪ್ಲಾಸ್ಮಾ

ಇಕ್ಕಳವನ್ನು ಯಂತ್ರದಲ್ಲಿ ಇಡಬಹುದು. ಹುಳುಕು ಹಲ್ಲಿನ ಒಳಗಿರುವ ರೋಗಾಣುಗಳನ್ನು ಏನು ಮಾಡುವುದು? ಹಲ್ಲಿನ ಬೇರಿನೊಳಗೆ ಸಪುರವಾದ ನಾಳವಿದೆ. ಅದರ ಗೋಡೆಯಲ್ಲಿ ಇನ್ನೂ ಸಪುರವಾದ ಸಾವಿರಾರು ಕೊಳವೆಗಳಿವೆ. ಬ್ಯಾಕ್ಟೀರಿಯಗಳು ಅಲ್ಲಿ ಅಡಗಿ ಕೂರುತ್ತವೆ. ವೈದ್ಯರು ನಾಳವನ್ನು ಕೆರೆದು, ಔಷಧಿ ದ್ರವದಿಂದ ತೊಳೆಯುತ್ತಾರೆ. ದ್ರವ ಎಲ್ಲ ಮೂಲೆಗೂ ತಲಪುವುದು ಕಷ್ಟ. ಅನಿಲವಾದರೆ ಸಂದುಗಳಿಗೆ ನುಗ್ಗಬಲ್ಲದು.

ಆದ್ದರಿಂದ ವಿಜ್ಞಾನಿಗಳು ಪೆನ್ಸಿಲಿನಂಥ ಉಪಕರಣಗಳನ್ನು ಮಾಡಿದರು. ಇದರ ತುದಿಯಿಂದ ನೀಲಿ ಅಥವಾ ನೇರಳೆ ಬಣ್ಣದ ಪುಟ್ಟ ಪ್ಲಾಸ್ಮಾ ನಾಲಿಗೆ ಹೊರಬರುತ್ತದೆ. ಅದು ಬೆರಳಿಗೆ ತಾಗಿದರೂ ಸುಡದಷ್ಟು ತಣ್ಣಗಿರುತ್ತದೆ. ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಇವಾ ಸ್ಟೊಫೆಲ್ಸ್ ಮತ್ತು ಸಂಗಡಿಗರು 2000ದ ದಶಕದ ಮೊದಲ ವರ್ಷಗಳಲ್ಲಿ 'ಪ್ಲಾಸ್ಮಾ ಸೂಜಿ' ತಯಾರಿಸಿ, ಹುಳುಕು ಹಲ್ಲಿಗೆ ಬಳಸಬಹುದೇ ಎಂದು ಪರೀಕ್ಷಿಸಿದರು. 2009ರ ಹೊತ್ತಿಗೆ ಚೀನಾ ಮತ್ತು ಅಮೆರಿಕದ ವಿಜ್ಞಾನಿಗಳು ಬೇರಿನ ನಾಳಕ್ಕಾಗಿಯೇ ಇಂಥ ಉಪಕರಣ ಮಾಡಿದರು. ಪ್ರಯೋಗಾಲಯದಲ್ಲಿ, ಕಿತ್ತ ಹಲ್ಲುಗಳ ಮೇಲೆ ಒಳ್ಳೆಯ ಫಲ ಕಂಡಿದೆ. ಆದರೆ ಊರೂರಿನ ದಂತವೈದ್ಯರ ಬಳಿ ಇರುವ ಮಾಮೂಲಿ ಚಿಕಿತ್ಸೆ ಇದಲ್ಲ. ಸಂಶೋಧನೆ ಸಾಗಿದೆ.

ನಮ್ಮ ದೇಶದಲ್ಲೂ ಪ್ಲಾಸ್ಮಾದ ಅಧ್ಯಯನಕ್ಕೆಂದೇ ಒಂದು ಸಂಸ್ಥೆ ಇದೆ. ಅದು ಗುಜರಾತಿನ ಗಾಂಧಿನಗರದ ಬಳಿ 1986ರಲ್ಲಿ ಸ್ಥಾಪನೆಯಾದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ.

ಪ್ಲಾಸ್ಮಾಕ್ಕೂ ಆಗದ ಕೆಲಸ

ಪ್ಲಾಸ್ಮಾ ಮಂತ್ರದಂಡವಲ್ಲ. ಬಟ್ಟೆ, ಹತ್ತಿ, ಕಾಗದ ಪೆರಾಕ್ಸೈಡ್ ಆವಿಯನ್ನು ಹೀರಿಬಿಡುತ್ತವೆ, ಆದ್ದರಿಂದ ಅವನ್ನು ಈ ಯಂತ್ರದಲ್ಲಿ ಇಡುವಂತಿಲ್ಲ. ದ್ರವಗಳನ್ನೂ ಇಡುವಂತಿಲ್ಲ. ಬಹಳ ಉದ್ದವಾದ, ಸಪುರವಾದ ಕೊಳವೆಯೊಳಗೆ ಆವಿ ಪೂರ್ತಿ ತಲಪದೆ ಹೋಗಬಹುದು. ಯಂತ್ರ ದುಬಾರಿ. ಹಾಗಾಗಿ ಇದು ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳಲ್ಲಿ ಕಾಣುತ್ತದೆ. ಬಿಸಿ ತಡೆಯುವ ಕನ್ನಡಿ, ಇಕ್ಕಳಗಳಿಗೆ ಆಟೋಕ್ಲೇವ್ ಸಾಕು, ಅದೇ ಉತ್ತಮ.

ಎಲ್ಲಕ್ಕಿಂತ ಮುಖ್ಯ: ಕೊಳೆ ಇದ್ದರೆ ಎಷ್ಟೇ ಹೊಸ ಯಂತ್ರವೂ ಸೋಲುತ್ತದೆ. ಒಣಗಿದ ರಕ್ತದ ಪದರದ ಕೆಳಗೆ ಅಡಗಿದ ರೋಗಾಣುವನ್ನು ಪ್ಲಾಸ್ಮಾ ಮುಟ್ಟಲಾರದು. ಮೊದಲು ಬ್ರಷ್ಷು, ಸೋಪು, ನೀರು. ಆಮೇಲೆ ಯಂತ್ರ.

ಮಾಡಿ ನೋಡಿ

ಬೇಕಾದವು: ಬಿಳಿ ಕಾಗದ, ಮೇಣದಬತ್ತಿಯ ತುಂಡು, ನೀರಿನಲ್ಲಿ ಕಲಸಿದ ಬಣ್ಣ, ಹತ್ತಿ.

ಕಾಗದದ ಅರ್ಧ ಭಾಗಕ್ಕೆ ಮೇಣದಬತ್ತಿಯನ್ನು ಒತ್ತಿ ಉಜ್ಜಿ (ಬತ್ತಿ ಹಚ್ಚಬೇಡಿ). ಈಗ ಹತ್ತಿಯಿಂದ ಇಡೀ ಕಾಗದಕ್ಕೆ ಬಣ್ಣದ ನೀರು ಬಳಿಯಿರಿ. ಏನು ಕಾಣಿಸಿತು? ಮೇಣವಿಲ್ಲದ ಕಡೆ ಕಾಗದ ಬಣ್ಣ ಹೀರಿತು. ಮೇಣವಿರುವ ಕಡೆ ಬಿಳಿಯಾಗಿಯೇ ಉಳಿಯಿತು. ಬಣ್ಣವನ್ನು ಪ್ಲಾಸ್ಮಾ ಎಂದೂ, ಮೇಣವನ್ನು ಕೊಳೆ ಎಂದೂ ಭಾವಿಸಿ. ಮೇಣದ ಕೆಳಗಿನ ರೋಗಾಣು ಬಚಾವ್! ತೊಳೆಯುವುದು ಏಕೆ ಮೊದಲ ಹಂತ ಎಂದು ಈಗ ನಿಮಗೆ ತಿಳಿಯಿತು.

ನೀವು ಏನು ಮಾಡಬಹುದು?

ಸಂತೆಯಲ್ಲಿ, ರಸ್ತೆ ಬದಿಯಲ್ಲಿ ಕುಳಿತು ಹಲ್ಲು ಕೀಳುವವರ ಬಳಿ ಹೋಗಬೇಡಿ. ಮನೆಯ ಹಿರಿಯರಿಗೂ ಹೋಗದಂತೆ ಹೇಳಿ. ಬರೀ ನೀರಿನಲ್ಲಿ ಅದ್ದಿ ತೆಗೆದ ಇಕ್ಕಳ ಒಬ್ಬರ ರಕ್ತದ ರೋಗವನ್ನು ಇನ್ನೊಬ್ಬರಿಗೆ ದಾಟಿಸಬಲ್ಲದು.

ದಂತವೈದ್ಯರ ಬಳಿ ಹೋದಾಗ, "ಸಾರ್, ಇದನ್ನು ಸ್ಟೆರಿಲೈಸ್ ಮಾಡಿದ್ದೀರಾ? ಹೇಗೆ ಮಾಡ್ತೀರಿ?" ಎಂದು ವಿನಯದಿಂದ ಕೇಳಿ. ವೈದ್ಯರು ಹೆಂಗಸರಾಗಿದ್ದರೆ "ಮೇಡಂ" ಎನ್ನಿ. ಇದು ಅಧಿಕಪ್ರಸಂಗವಲ್ಲ. ಕೇಳುವುದು ನಿಮ್ಮ ಹಕ್ಕು. ಒಳ್ಳೆಯ ವೈದ್ಯರು ಮುಚ್ಚಿದ ಚೀಲವನ್ನು ನಿಮ್ಮ ಎದುರಿಗೇ ಒಡೆದು ತೋರಿಸುತ್ತಾರೆ. ಚೀಲದ ಮೇಲಿನ ಗುರುತು ಬಣ್ಣ ಬದಲಾಯಿಸಿರುವುದನ್ನೂ ತೋರಿಸಬಹುದು. ಅದು ಚೀಲ ಯಂತ್ರದೊಳಗೆ ಹೋಗಿ ಬಂದುದರ ಸಾಕ್ಷಿ.

ಇನ್ನು ನಿಮ್ಮ ಬಾಯಿಯ ಬ್ಯಾಕ್ಟೀರಿಯಗಳ ವಿಷಯ. ಅವಕ್ಕೆ ಪ್ಲಾಸ್ಮಾ ಬೇಡ. ಬೆಳಿಗ್ಗೆ ಮತ್ತು ರಾತ್ರಿ ಮಲಗುವ ಮುನ್ನ ಹಲ್ಲುಜ್ಜುವ ಬ್ರಷ್ಷೇ ಸಾಕು. ಸಿಹಿ ತಿಂದ ಮೇಲೆ ಬಾಯಿ ಮುಕ್ಕಳಿಸಿ.

ಪ್ರಶ್ನೆಗಳು

1. ತೊಳೆಯುವುದಕ್ಕೂ ಕ್ರಿಮಿಶುದ್ಧೀಕರಣಕ್ಕೂ ಏನು ವ್ಯತ್ಯಾಸ?
2. ಕುದಿಯುವ ನೀರಿಗಿಂತ ಆಟೋಕ್ಲೇವ್ ಏಕೆ ಮೇಲು?
3. ಟ್ಯೂಬ್‌ಲೈಟಿನೊಳಗೆ ಪ್ಲಾಸ್ಮಾ ಇದ್ದರೂ ಗಾಜು ಏಕೆ ಕರಗುವುದಿಲ್ಲ?
4. ಹತ್ತಿ ಉಂಡೆಗಳನ್ನು ಪ್ಲಾಸ್ಮಾ ಯಂತ್ರದಲ್ಲಿ ಇಡಬಹುದೇ?

ಉತ್ತರಗಳು

1. ತೊಳೆದಾಗ ಕೊಳೆ ಮತ್ತು ಹಲವು ರೋಗಾಣುಗಳು ಹೋಗುತ್ತವೆ. ಕ್ರಿಮಿಶುದ್ಧೀಕರಣದಲ್ಲಿ ಬೀಜಾಣುಗಳೂ ಸೇರಿ ಎಲ್ಲ ಸೂಕ್ಷ್ಮಜೀವಿಗಳು ನಾಶವಾಗುತ್ತವೆ.
2. ಒತ್ತಡದಿಂದ ಹಬೆಯ ಉಷ್ಣತೆ 121 ಡಿಗ್ರಿಗೆ ಏರುತ್ತದೆ. ಆ ಬಿಸಿಗೆ ಬೀಜಾಣುಗಳೂ ಸಾಯುತ್ತವೆ.
3. ಬಹಳ ಬಿಸಿಯಾಗಿರುವುದು ಹಗುರವಾದ ಎಲೆಕ್ಟ್ರಾನುಗಳು ಮಾತ್ರ. ಅನಿಲದ ಭಾರವಾದ ಅಣುಗಳು ತಣ್ಣಗೇ ಇರುತ್ತವೆ.
4. ಇಡಬಾರದು. ಹತ್ತಿ ಆವಿಯನ್ನು ಹೀರಿಕೊಳ್ಳುತ್ತದೆ. ಅದಕ್ಕೆ ಆಟೋಕ್ಲೇವ್ ಸರಿಯಾದ ದಾರಿ.